ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರಿನ ಹಿಂದೆ: ಹಳೆಯ ಎದೆಯುರಿಗೆ ಚಿಕಿತ್ಸೆ ಆಯ್ದುಕೊಳ್ಳುವ ಬಗೆ

ಔಷಧಿ ಅಂಗಡಿಯಲ್ಲಿ ನಿಂತು "ಗ್ಯಾಸ್ಟ್ರಿಕ್‌ಗೆ ಮಾತ್ರೆ ಕೊಡಿ" ಎಂದರೆ ಸಾಕು. ಅಂಗಡಿಯವರು ತಲೆಯೆತ್ತಿ ನೋಡುವುದೂ ಇಲ್ಲ. ಕತ್ತರಿ ತೆಗೆದು ಹತ್ತು ಮಾತ್ರೆಗಳ ಪಟ್ಟಿಯಿಂದ ನಾಲ್ಕನ್ನು ಕತ್ತರಿಸಿ, ಚಿಕ್ಕ ಕಾಗದದ ಕವರಿಗೆ ಹಾಕಿ ಕೊಡುತ್ತಾರೆ. ಮಾತ್ರೆಯ ಹೆಸರು ಬಹುತೇಕ ಅಂಗಡಿಯಲ್ಲೇ ಉಳಿದ ಆ ಆರರ ಬೆನ್ನಿನ ಮೇಲಿರುತ್ತದೆ. ಹುಬ್ಬಳ್ಳಿಯಲ್ಲಿ ಪತ್ರಿಕೆಯ ರಾತ್ರಿ ಪಾಳಿಯಲ್ಲಿದ್ದ ಆರು ವರ್ಷ ನಾನು ಹೀಗೆಯೇ ಹೆಸರಿಲ್ಲದ ಮಾತ್ರೆಗಳನ್ನು ನುಂಗಿದೆ. ಹನ್ನೆರಡಕ್ಕೆ ಪುಟ ಮುಗಿಸಿ ಹೊರಬಿದ್ದು, ಗಾಡಿಯಲ್ಲಿ ಎಗ್ ರೈಸ್ ತಿಂದು, ಒಂದಕ್ಕೆ ಹಾಸಿಗೆ ಸೇರಿದರೆ ಮೂರಕ್ಕೆ ಗಂಟಲಿನಲ್ಲಿ ಹುಳಿನೀರು. ಎದ್ದು ಕುಳಿತು, ಕೆಮ್ಮಿ, ತಣ್ಣನೆಯ ಹಾಲು ಕುಡಿದು, ಗೋಡೆಗೆ ಒರಗಿ ಬೆಳಗು ಮಾಡುವುದು.

ನಾನು ವೈದ್ಯನಲ್ಲ. ರೋಗಿಯಾಗಿ ಕಲಿತದ್ದನ್ನು, ವೈದ್ಯರಿಂದ ಕೇಳಿ ಖಚಿತಪಡಿಸಿಕೊಂಡದ್ದನ್ನು ಬರೆಯುತ್ತಿದ್ದೇನೆ. ನನಗೆ ಆರು ವರ್ಷ ತಡವಾಗಿ ತಿಳಿದದ್ದು ಇಷ್ಟು: ಮಾತ್ರೆಗೆ ಹೆದರುವುದಕ್ಕೂ ಮಾತ್ರೆಯನ್ನು ನಂಬುವುದಕ್ಕೂ ಮೊದಲು, ನಮಗಿರುವ ಕಾಯಿಲೆ ಯಾವುದೆಂದು ಗೊತ್ತಿರಬೇಕು.

ಮೊದಲ ಹೆಜ್ಜೆ: ಗ್ಯಾಸ್ಟ್ರಿಕ್ ಎಂಬ ಪದವನ್ನು ಬದಿಗಿಡಿ

ನಮ್ಮಲ್ಲಿ ಹೊಟ್ಟೆ ಉಬ್ಬರಿಸಿದರೂ ಗ್ಯಾಸ್ಟ್ರಿಕ್, ತೇಗು ಬಂದರೂ ಗ್ಯಾಸ್ಟ್ರಿಕ್, ಬೆನ್ನಿನಲ್ಲಿ ಚಳುಕು ಬಂದರೂ ಗ್ಯಾಸ್ಟ್ರಿಕ್. ವೈದ್ಯರಿಗೆ ಈ ಪದದಿಂದ ಏನೂ ತಿಳಿಯುವುದಿಲ್ಲ. ಹೊಕ್ಕುಳಿನ ಮೇಲ್ಭಾಗದಲ್ಲಿ ನೋವಿದ್ದರೆ ಅದು ಹುಣ್ಣಿರಬಹುದು, ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾದ ಕೆಲಸವಿರಬಹುದು. ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ ಅದು ಅಜೀರ್ಣದ ಇನ್ನೊಂದು ಬಗೆ. ಈ ಲೇಖನ ಹೇಳುತ್ತಿರುವುದು ಮೂರನೆಯದನ್ನು: ಎದೆಮೂಳೆಯ ಹಿಂದೆ ಕೆಳಗಿನಿಂದ ಮೇಲಕ್ಕೆ ಏರುವ ಉರಿ, ಬಾಯಿಗೆ ಬರುವ ಹುಳಿ ಅಥವಾ ಕಹಿ ನೀರು, ಬಗ್ಗಿದರೆ, ಮಲಗಿದರೆ ಹೆಚ್ಚಾಗುವ ತೊಂದರೆ.

ಅನ್ನನಾಳ ಜಠರವನ್ನು ಸೇರುವಲ್ಲಿ ಸ್ನಾಯುವಿನ ಒಂದು ಬಳೆ ಇದೆ. ನುಂಗಿದಾಗ ತೆರೆದು, ಮತ್ತೆ ಮುಚ್ಚಿಕೊಳ್ಳಬೇಕು. ಎದೆಗೂ ಹೊಟ್ಟೆಗೂ ನಡುವಿನ ವಪೆ ಹೊರಗಿನಿಂದ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಬಳೆ ಹೊತ್ತಲ್ಲದ ಹೊತ್ತಿನಲ್ಲಿ ಸಡಿಲವಾದರೆ, ಅಥವಾ ಜಠರದ ಮೇಲ್ತುದಿ ವಪೆಯ ರಂಧ್ರದಿಂದ ಎದೆಯ ಕಡೆ ನುಸುಳಿದರೆ (ಇದನ್ನೇ ಹಯಾಟಸ್ ಹರ್ನಿಯಾ ಎನ್ನುತ್ತಾರೆ) ಆಮ್ಲ ಮೇಲಕ್ಕೆ ಬರುತ್ತದೆ. ಇದೇ ಆಮ್ಲದ ಹಿಮ್ಮೊಗ ಹರಿವು. ಅಂದರೆ ಹೆಚ್ಚಿನವರಲ್ಲಿ ಆಮ್ಲ ವಿಪರೀತ ಹುಟ್ಟುತ್ತಿರುವುದಿಲ್ಲ. ಇರಬಾರದ ಜಾಗಕ್ಕೆ ಬರುತ್ತಿರುತ್ತದೆ. ಮಾತ್ರೆ ಆಮ್ಲವನ್ನು ತಗ್ಗಿಸುತ್ತದೆಯೇ ಹೊರತು ಸಡಿಲವಾದ ಬಾಗಿಲನ್ನು ಮುಚ್ಚುವುದಿಲ್ಲ. ಮುಂದೆ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಇದು ಬೇಕಾಗುತ್ತದೆ, ನೆನಪಿರಲಿ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಎದೆಯಲ್ಲಿ ಭಾರ ಇಟ್ಟಂತಾಗಿ, ಬೆವರು ಕಿತ್ತುಕೊಂಡು ಬಂದು, ನೋವು ತೋಳಿಗೋ ದವಡೆಗೋ ಹರಿದರೆ, ಮೆಟ್ಟಿಲು ಹತ್ತಿದಾಗ ಬಂದು ಕುಳಿತಾಗ ಇಳಿದರೆ, ಜೀರಿಗೆ ನೀರು ಕುದಿಸುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಮಾಡಿಸಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತ ಬರೀ ಹೊಟ್ಟೆ ತೊಳಸಿದಂತೆ ಬಂದು ಹೋಗುವುದೂ ಉಂಟು. ಗ್ಯಾಸ್ಟ್ರಿಕ್ ಎಂದುಕೊಂಡು ರಾತ್ರಿ ಕಳೆದು ಬೆಳಿಗ್ಗೆ ಇಲ್ಲವಾದವರ ಕಥೆ ನಮ್ಮ ಪ್ರತಿ ಊರಿನಲ್ಲೂ ಇದೆ.

ಎರಡನೆಯ ಹೆಜ್ಜೆ: ತಡಮಾಡಬಾರದ ಲಕ್ಷಣಗಳು

ಅನ್ನ, ರೊಟ್ಟಿ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ನುಂಗುವಾಗ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಡಾಂಬರಿನಂತೆ ಕಪ್ಪಗಿನ ಮಲ, ರಕ್ತ ವಾಂತಿ. ಐವತ್ತು ದಾಟಿದ ಮೇಲೆ ಮೊದಲ ಸಲ ಎದೆಯುರಿ ಶುರುವಾಗುವುದು. ಇವುಗಳಲ್ಲಿ ಒಂದಿದ್ದರೂ ಕೆಳಗಿನ ಯಾವ ಹೆಜ್ಜೆಯನ್ನೂ ಪ್ರಯೋಗಿಸದೆ ನೇರವಾಗಿ ವೈದ್ಯರ ಬಳಿ ಹೋಗಿ. ಕಬ್ಬಿಣದ ಮಾತ್ರೆ ನುಂಗುವವರ ಮಲವೂ ಕಪ್ಪಾಗುತ್ತದೆ, ಅದನ್ನೂ ವೈದ್ಯರಿಗೆ ಹೇಳಿ.

ಮೂರನೆಯ ಹೆಜ್ಜೆ: ಮಂಚದ ತಲೆಗೆ ಇಟ್ಟಿಗೆ

ಕಾಸು ಖರ್ಚಿಲ್ಲದ ಚಿಕಿತ್ಸೆಗಳಲ್ಲಿ ನನಗೆ ಹೆಚ್ಚು ಫಲ ಕೊಟ್ಟದ್ದು ಇದು. ರಾತ್ರಿಯ ತೊಂದರೆ ಇರುವವರು ಮಂಚದ ತಲೆಯ ಕಡೆಯ ಎರಡು ಕಾಲುಗಳನ್ನು 15ರಿಂದ 20 ಸೆಂಟಿಮೀಟರ್ ಎತ್ತರಿಸಬೇಕು. ತಲೆದಿಂಬಿನ ಮೇಲೆ ತಲೆದಿಂಬು ಪೇರಿಸಿದರೆ ಆಗುವುದಿಲ್ಲ. ಆಗ ಕುತ್ತಿಗೆ ಮತ್ತು ಸೊಂಟ ಮಡಚಿ ಹೊಟ್ಟೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಸೊಂಟದಿಂದ ಮೇಲಕ್ಕೆ ಇಡೀ ಮೈ ಇಳಿಜಾರಿನಲ್ಲಿರಬೇಕು.

ನಾನು ಮನೆ ಕಟ್ಟುತ್ತಿದ್ದ ನೆರೆಯವರಿಂದ ನಾಲ್ಕು ಇಟ್ಟಿಗೆ ಕೇಳಿ ತಂದೆ. ಒಂದರ ಮೇಲೊಂದು ಎರಡೆರಡು ಇಟ್ಟಾಗ ಮೊದಲ ರಾತ್ರಿಯೇ ಮಂಚ ಜಾರಿ, ಒಂದು ಇಟ್ಟಿಗೆಯ ಮೂಲೆ ಮುರಿದು, ಮನೆಯವರೆಲ್ಲ ಎದ್ದು ಕುಳಿತರು. ಮಾರನೆಯ ದಿನ ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ಇಟ್ಟಿಗೆಗಳ ನಡುವೆಯೂ ಕೆಳಗೂ ಹಾಸಿದ ಮೇಲೆ ಗಟ್ಟಿಯಾಗಿ ನಿಂತಿತು. ಮೊದಲ ವಾರ ಹಾಸಿಗೆಯಲ್ಲಿ ಕೆಳಗೆ ಕೆಳಗೆ ಜಾರುತ್ತೀರಿ, ಆಮೇಲೆ ಮೈಗೆ ಒಗ್ಗುತ್ತದೆ. ನೆಲದ ಮೇಲೆ ಮಲಗುವವರು ಬೆನ್ನಿನ ಕೆಳಗಿನಿಂದ ಶುರುವಾಗುವ ಇಳಿಜಾರಿನ ಫೋಮ್ ದಿಂಬನ್ನು ಮಾಡಿಸಿಕೊಳ್ಳಬಹುದು.

ಉಂಡ ಮೇಲೆ ನೂರು ಹೆಜ್ಜೆ ನಡೆದು ಎಡಮಗ್ಗುಲಿಗೆ ಮಲಗಬೇಕು ಎಂದು ಹಿರಿಯರು ಹೇಳುತ್ತಿದ್ದರು. ಅದು ಬರೀ ಸಂಪ್ರದಾಯವಲ್ಲ. ಎಡಕ್ಕೆ ಮಲಗಿದಾಗ ಜಠರ ಅನ್ನನಾಳಕ್ಕಿಂತ ಕೆಳಗಿರುತ್ತದೆ, ಮೇಲಕ್ಕೆ ಬಂದ ಆಮ್ಲವೂ ಬೇಗ ಹಿಂದಿರುಗುತ್ತದೆ. ಊಟಕ್ಕೂ ನಿದ್ದೆಗೂ ನಡುವೆ ಮೂರು ಗಂಟೆಯ ಅಂತರವಿರಲಿ. ಪಾಳಿಯ ಕೆಲಸದವರಿಗೆ ಇದು ಹೇಳಿದಷ್ಟು ಸುಲಭವಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ನಾನು ಮಾಡಿದ್ದು ಇಷ್ಟೇ: ದೊಡ್ಡ ಊಟವನ್ನು ಎಂಟು ಗಂಟೆಗೆ ಕಚೇರಿಯಲ್ಲೇ ಡಬ್ಬಿಯಿಂದ ಮುಗಿಸಿ, ಮಧ್ಯರಾತ್ರಿಯ ಹಸಿವಿಗೆ ಒಂದು ಬಾಳೆಹಣ್ಣು.

ನಾಲ್ಕನೆಯ ಹೆಜ್ಜೆ: ತಟ್ಟೆಯನ್ನು ಖಾಲಿ ಮಾಡುವ ಮೊದಲು ಡೈರಿ

ಎದೆಯುರಿ ಎಂದ ತಕ್ಷಣ ಹುಣಸೆಹಣ್ಣು, ಟೊಮೆಟೊ, ಬದನೆಕಾಯಿ, ಬೇಳೆ, ಕಾಫಿ, ಖಾರ ಎಲ್ಲವನ್ನೂ ಬಿಡಿಸುವ ನೆಂಟರು ಎಲ್ಲ ಮನೆಗಳಲ್ಲೂ ಇದ್ದಾರೆ. ಹಾಗೆ ಬಿಟ್ಟವರು ತಿಂಗಳಾಗುವಷ್ಟರಲ್ಲಿ ಸೊರಗುತ್ತಾರೆ, ಇಲ್ಲವೇ ರೋಸಿಹೋಗಿ ಎಲ್ಲವನ್ನೂ ಮತ್ತೆ ತಿನ್ನತೊಡಗುತ್ತಾರೆ. ಎಲ್ಲರಿಗೂ ಒಂದೇ ಪಟ್ಟಿ ಇಲ್ಲ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ತಿಂದದ್ದು, ಎಷ್ಟು ಹೊತ್ತಿಗೆ, ಎಷ್ಟು, ಉರಿ ಬಂದದ್ದು ಯಾವಾಗ ಎಂದು ಬರೆದಿಡಿ.

ನನ್ನ ಡೈರಿಯಲ್ಲಿ ಜೋಳದ ರೊಟ್ಟಿ, ಎಣಗಾಯಿ, ಖಾರದ ಚಟ್ನಿಪುಡಿಗೆ ಏನೂ ಆಗಿರಲಿಲ್ಲ. ಗಿರಮಿಟ್ಟಿಗೂ ಆಗಿರಲಿಲ್ಲ. ಅದರ ಜೊತೆಗಿನ ಮಿರ್ಚಿ ಭಜಿಗೆ ಆಗಿತ್ತು. ಎಣ್ಣೆಯಲ್ಲಿ ಕರಿದದ್ದು ಜಠರದಲ್ಲಿ ಹೆಚ್ಚು ಹೊತ್ತು ಕೂರುತ್ತದೆ, ಬಳೆಯನ್ನೂ ಸಡಿಲಿಸುತ್ತದೆ. ಸಾವಜಿ ಊಟದಲ್ಲಿ ನನ್ನನ್ನು ಕಾಡಿದ್ದು ಖಾರಕ್ಕಿಂತ ಮೇಲೆ ತೇಲುವ ಎಣ್ಣೆ ಮತ್ತು ನಾನು ತಿನ್ನುತ್ತಿದ್ದ ಪ್ರಮಾಣ. ಬಹುಪಾಲು ಜನರ ಡೈರಿ ಹೇಳುವುದೂ ಹೀಗೆಯೇ: ಏನು ತಿಂದೆವು ಎನ್ನುವುದಕ್ಕಿಂತ ಎಷ್ಟು ತಿಂದೆವು, ತಿಂದು ಯಾವಾಗ ಮಲಗಿದೆವು.

ಕೆಲವು ಮನೆಮದ್ದುಗಳು ತಿರುಗಿಬೀಳುತ್ತವೆ. ಪುದೀನ ಹೊಟ್ಟೆಗೆ ತಂಪು ಎನ್ನುತ್ತಾರೆ, ಆದರೆ ಅದು ಆ ಸ್ನಾಯುವಿನ ಬಳೆಯನ್ನು ಸಡಿಲಿಸಬಲ್ಲದು. ನಿಂಬೆ ಸೋಡಾ ಕುಡಿದು ತೇಗಿದರೆ ಹಗುರಾಗುತ್ತದೆ. ಆ ತೇಗಿನ ಜೊತೆಗೇ ಆಮ್ಲವೂ ಮೇಲೆ ಬರುತ್ತದೆ. ತಣ್ಣನೆಯ ಹಾಲು ಅರ್ಧ ಗಂಟೆಯ ಸುಖ, ಅದರಲ್ಲಿನ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಮತ್ತೆ ಆಮ್ಲವನ್ನು ಕರೆಯುತ್ತವೆ. ನೀರಿಗೆ ಹಾಕಿದರೆ ಬುಸುಗುಡುವ ಪುಡಿಗಳಲ್ಲಿ ಸೋಡಿಯಂ ಹೆಚ್ಚು, ರಕ್ತದೊತ್ತಡ ಇರುವವರು ದಿನವೂ ಕುಡಿಯಬಾರದು. ಜೇಷ್ಠಮಧುವೂ ಹಾಗೆಯೇ: ಬಹುಕಾಲ ಸೇವಿಸಿದರೆ ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸಬಲ್ಲದು.

ಹೊಟ್ಟೆಯ ಸುತ್ತ ಕೊಬ್ಬಿದ್ದರೆ ತೂಕ ಇಳಿಸುವುದು ನಿಜಕ್ಕೂ ಕೆಲಸ ಮಾಡುತ್ತದೆ. ಬೆಲ್ಟ್, ಸೀರೆಯೊಳಗಿನ ಲಂಗದ ಲಾಡಿ ಸಡಿಲವಿರಲಿ. ಸಿಗರೇಟು, ಮದ್ಯ ಬಿಡಬೇಕೆಂದು ಬೇರೆ ಹೇಳಬೇಕಿಲ್ಲ. ಯೋಗ ಮಾಡುವವರು ಹಲಾಸನ, ಸರ್ವಾಂಗಾಸನದಂತಹ ತಲೆಕೆಳಗಾಗುವ ಆಸನಗಳನ್ನು ಬಿಟ್ಟು, ಹೊಟ್ಟೆಯಿಂದ ಆಳವಾಗಿ ಉಸಿರಾಡುವ ಅಭ್ಯಾಸ ಇಟ್ಟುಕೊಳ್ಳಲಿ. ವಪೆಗೆ ಅದು ವ್ಯಾಯಾಮ.

ಐದನೆಯ ಹೆಜ್ಜೆ: ಮಾತ್ರೆಯನ್ನು ಸರಿಯಾದ ಹೊತ್ತಿಗೆ ನುಂಗುವುದು

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಇಸೊಮೆಪ್ರಜೋಲ್. ಹೆಸರಿನ ಕೊನೆಗೆ "ಪ್ರಜೋಲ್" ಬಂದರೆ ಅವೆಲ್ಲ ಒಂದೇ ಮನೆತನ. ಜಠರದ ಗೋಡೆಯಲ್ಲಿ ಆಮ್ಲವನ್ನು ಹೊರಹಾಕುವ ಸಣ್ಣ ಪಂಪುಗಳಿವೆ. ಈ ಮಾತ್ರೆಗಳು ಚಾಲೂ ಇರುವ ಪಂಪನ್ನು ಮಾತ್ರ ಕೆಡಿಸಬಲ್ಲವು. ಪಂಪುಗಳು ಚಾಲೂ ಆಗುವುದು ಊಟ ಒಳಗೆ ಹೋದಾಗ. ಮಾತ್ರೆ ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ. ಆದ್ದರಿಂದ ತಿಂಡಿಗೆ 30ರಿಂದ 60 ನಿಮಿಷ ಮೊದಲು ನುಂಗಬೇಕು. ಉಂಡ ಮೇಲೆ, ಉರಿ ಬಂದ ಮೇಲೆ, ಮಲಗುವಾಗ ನುಂಗಿದರೆ ಅರ್ಧ ಮಾತ್ರೆ ವ್ಯರ್ಥ. ನಾನು ಆರು ವರ್ಷ ಮಾಡಿದ್ದು ಅದನ್ನೇ, "ನನಗೆ ಮಾತ್ರೆ ಹಿಡಿಯುವುದಿಲ್ಲ" ಎಂದು ಊರಿಗೆಲ್ಲ ಹೇಳಿಕೊಂಡು. ಜಗಿಯಬೇಡಿ, ಪುಡಿ ಮಾಡಬೇಡಿ. ಪೂರ್ತಿ ಪರಿಣಾಮ ಕಾಣಲು ಮೂರು ನಾಲ್ಕು ದಿನ ಬೇಕು. ಸಾಮಾನ್ಯವಾಗಿ ದಿನಕ್ಕೊಂದರಂತೆ ಎಂಟು ವಾರ ಕೊಟ್ಟು ನೋಡುತ್ತಾರೆ.

ತಕ್ಷಣದ ಉರಿಗೆ ಆ ಮಾತ್ರೆ ಅಲ್ಲ, ಜೆಲ್ ಬೇಕು. ಆಲ್ಜಿನೇಟ್ ಇರುವ ಜೆಲ್ ಜಠರದ ಮೇಲ್ಭಾಗದಲ್ಲಿ ಕೆನೆಯಂತೆ ತೇಲಿ ಆಮ್ಲವನ್ನು ತಡೆಯುತ್ತದೆ. ಅದನ್ನು ಊಟದ ನಂತರ, ಮಲಗುವ ಮೊದಲು ಕುಡಿಯಬೇಕು. ಆಮ್ಲ ತಗ್ಗಿಸುವ ಇನ್ನೊಂದು ಗುಂಪಿನ ಫ್ಯಾಮೊಟಿಡಿನ್ ರಾತ್ರಿಯ ಉರಿಗೆ ಒಳ್ಳೆಯದು, ಆದರೆ ದಿನವೂ ತೆಗೆದುಕೊಂಡರೆ ವಾರ ಎರಡು ವಾರದಲ್ಲಿ ಬಲ ಕುಂದುತ್ತದೆ. ಅದೇ ಗುಂಪಿನ ರಾನಿಟಿಡಿನ್ ನಮ್ಮ ಮನೆಗಳ ಹಳೆಯ ನೆಂಟ. ಕ್ಯಾನ್ಸರ್‌ಕಾರಕ ಕಲ್ಮಶದ ಭೀತಿಯಿಂದ ಅಮೆರಿಕ ಅದನ್ನು 2020ರಲ್ಲಿ ಮಾರುಕಟ್ಟೆಯಿಂದ ತೆಗೆಸಿತು, ಭಾರತವೂ 2022ರಲ್ಲಿ ಅಗತ್ಯ ಔಷಧಿಗಳ ಪಟ್ಟಿಯಿಂದ ಕೈಬಿಟ್ಟಿತು. ಡಬ್ಬಿಯಲ್ಲಿ ಅದರ ಹಳೆಯ ಮಾತ್ರೆಗಳಿದ್ದರೆ ಎಸೆಯಿರಿ.

ವೊನೊಪ್ರಜಾನ್ ಎಂಬ ಹೊಸ ಪೀಳಿಗೆಯ ಮಾತ್ರೆಗೆ ಊಟದ ಹಂಗಿಲ್ಲ, ಮೊದಲ ದಿನದಿಂದಲೇ ಕೆಲಸ ಮಾಡುತ್ತದೆ. ಅನ್ನನಾಳ ತೀವ್ರವಾಗಿ ಹುಣ್ಣಾದವರಿಗೆ ಹೆಚ್ಚು ಉಪಯೋಗ. ಜಪಾನ್‌ನಲ್ಲಿ ಹತ್ತು ವರ್ಷಗಳಿಂದ ಬಳಕೆಯಲ್ಲಿದ್ದರೂ ಹಳೆಯ ಮಾತ್ರೆಗಳಷ್ಟು ದೀರ್ಘಕಾಲದ ಅನುಭವ ಇನ್ನೂ ಇಲ್ಲ. ಹಳೆಯದು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಬದಲಿಸುವ ಅವಸರ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಆರನೆಯ ಹೆಜ್ಜೆ: ಪಟ್ಟಿಯ ಬೆನ್ನನ್ನು ಓದಿ

ನಮ್ಮಲ್ಲಿ ಮಾರಾಟವಾಗುವ ಗ್ಯಾಸ್ಟ್ರಿಕ್ ಕ್ಯಾಪ್ಸೂಲ್‌ಗಳಲ್ಲಿ ಹಲವು ಎರಡು ಔಷಧಿಗಳ ಜೋಡಿ. ಹೆಸರಿನ ಬಾಲದಲ್ಲಿ "ಡಿ" ಅಥವಾ "ಡಿಎಸ್‌ಆರ್" ಇದ್ದರೆ ಜೊತೆಗೆ ಡೊಂಪೆರಿಡೋನ್ ಇರುತ್ತದೆ. "ಎಲ್" ಅಥವಾ "ಎಲ್‌ಎಸ್" ಇದ್ದರೆ ಲೆವೊಸಲ್ಪಿರೈಡ್ ಇರುವ ಸಂಭವ ಹೆಚ್ಚು. ಮೊದಲನೆಯದು ಕೆಲವರಲ್ಲಿ ಹೃದಯದ ಲಯ ತಪ್ಪಿಸಬಲ್ಲದು. ಯುರೋಪಿನಲ್ಲಿ 2014ರಿಂದ ಅದರ ಬಳಕೆಗೆ ಮಿತಿ ಹಾಕಿದ್ದಾರೆ. ಎರಡನೆಯದನ್ನು ತಿಂಗಳುಗಟ್ಟಲೆ ನುಂಗಿದ ಹಿರಿಯರಲ್ಲಿ ಕೈ ನಡುಕ, ನಡಿಗೆ ನಿಧಾನವಾಗುವುದು, ಹೆಂಗಸರಲ್ಲಿ ಮುಟ್ಟು ಏರುಪೇರಾಗುವುದು ಕಂಡುಬರುತ್ತದೆ. ವಾರ ಎರಡು ವಾರಕ್ಕೆಂದು ವೈದ್ಯರು ಬರೆದ ಇಂತಹ ಜೋಡಿಯನ್ನು ವರ್ಷಗಟ್ಟಲೆ ಅಂಗಡಿಯಿಂದ ತರಿಸಿಕೊಳ್ಳುವವರು ಎಷ್ಟೋ ಮಂದಿ. ನಿಮ್ಮ ಮನೆಯ ಹಿರಿಯರ ಮಾತ್ರೆ ಡಬ್ಬಿಯನ್ನು ಇವತ್ತೇ ಒಮ್ಮೆ ತೆರೆದು ನೋಡಿ.

ಬೇರೆ ಕಾಯಿಲೆಗಳ ಮಾತ್ರೆಗಳನ್ನೂ ಹೊರಗೆ ತೆಗೆದಿಡಿ. ಮಂಡಿನೋವಿನ ಡೈಕ್ಲೋಫೆನಾಕ್, ಮೂಳೆ ಸವೆತದ ಅಲೆಂಡ್ರೊನೇಟ್, ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಅನ್ನನಾಳವನ್ನೋ ಜಠರವನ್ನೋ ಕೆರಳಿಸಬಲ್ಲವು. ಹೃದಯಕ್ಕೆ ಕ್ಲೊಪಿಡೊಗ್ರೆಲ್ ನುಂಗುವವರಿಗೆ ಒಮೆಪ್ರಜೋಲ್ ಹೊಂದುವುದಿಲ್ಲ, ಬೇರೆ ಕೊಡುತ್ತಾರೆ. ಥೈರಾಯ್ಡ್ ಮಾತ್ರೆಯವರು ಆಮ್ಲ ತಗ್ಗಿಸುವ ಮಾತ್ರೆ ಶುರು ಮಾಡಿದ ಮೇಲೆ ಟಿಎಸ್‌ಎಚ್ (ಥೈರಾಯ್ಡ್ ಹತೋಟಿ ತೋರಿಸುವ ರಕ್ತಪರೀಕ್ಷೆ) ಮತ್ತೆ ಮಾಡಿಸಿಕೊಳ್ಳಬೇಕು.

ಏಳನೆಯ ಹೆಜ್ಜೆ: ಎಷ್ಟು ಕಾಲ, ಹೇಗೆ ನಿಲ್ಲಿಸುವುದು

"ಈ ಪ್ರಜೋಲ್ ಮಾತ್ರೆ ನುಂಗಿದರೆ ಕಿಡ್ನಿ ಹೋಗುತ್ತದೆ, ಮರೆವು ಬರುತ್ತದೆ" ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರುತ್ತದೆ. ಹಳೆಯ ದಾಖಲೆಗಳನ್ನು ಕೆದಕಿದ ಕೆಲವು ಅಧ್ಯಯನಗಳಲ್ಲಿ ಅಂತಹ ನಂಟು ಕಂಡದ್ದು ನಿಜ. ಆದರೆ ಮಾತ್ರೆ ನುಂಗುವವರು ಮೊದಲೇ ಹೆಚ್ಚು ಕಾಯಿಲೆ ಇದ್ದವರೂ ಆಗಿರುತ್ತಾರಲ್ಲ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 17 ಸಾವಿರಕ್ಕೂ ಹೆಚ್ಚು ಹೃದಯ, ರಕ್ತನಾಳದ ರೋಗಿಗಳಿಗೆ ಚೀಟಿ ಎತ್ತಿದಂತೆ ಪ್ಯಾಂಟೊಪ್ರಜೋಲ್ ಅಥವಾ ಹುಸಿಮಾತ್ರೆಯನ್ನು ಸರಾಸರಿ ಮೂರು ವರ್ಷ ಕೊಟ್ಟರು. ಮೂಳೆ ಮುರಿತ, ಕಿಡ್ನಿ ಕಾಯಿಲೆ, ಮರೆವು ಯಾವುದರಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕರುಳಿನ ಸೋಂಕು ಮಾತ್ರ ಹೆಚ್ಚಿತ್ತು, 1 ಪ್ರತಿಶತದ ಬದಲು 1.4. ಬೀದಿ ಬದಿಯ ನೀರು, ಪಾನಿಪುರಿಯ ವಿಷಯದಲ್ಲಿ ಹುಷಾರಾಗಿರಲು ಇಷ್ಟು ಸಾಕು. ಮೂರು ವರ್ಷವೆಂದರೆ ಮೂವತ್ತು ವರ್ಷವಲ್ಲ ಎನ್ನುವುದೂ ನಿಜ. ವರ್ಷಗಟ್ಟಲೆ ನುಂಗುವ ಸಸ್ಯಾಹಾರಿಗಳು ಬಿ12, ಮೂತ್ರ ಹೆಚ್ಚಿಸುವ ಮಾತ್ರೆಯವರು ಮ್ಯಾಗ್ನೀಸಿಯಂ ನೋಡಿಸಿಕೊಳ್ಳಲಿ.

ಎಂಟು ವಾರದಲ್ಲಿ ಗುಣವಾಯಿತೆನ್ನಿ. ಥಟ್ಟನೆ ನಿಲ್ಲಿಸಿದರೆ ಅದುವರೆಗೆ ಅದುಮಿಟ್ಟಿದ್ದ ಆಮ್ಲ ಪುಟಿದು ಬರುತ್ತದೆ, ಕೆಲವು ದಿನಗಳಿಂದ ಕೆಲವು ವಾರ ಉರಿ ಮೊದಲಿಗಿಂತ ಜೋರಾಗಬಹುದು. ಜನ ಅದನ್ನೇ ಕಾಯಿಲೆ ಮರಳಿತೆಂದು ತಿಳಿದು ಮತ್ತೆ ಮಾತ್ರೆ ಹಿಡಿಯುತ್ತಾರೆ. ನಾನು ವೈದ್ಯರನ್ನು ಕೇಳಿ 40 ಮಿಲಿಗ್ರಾಂ ಅನ್ನು 20ಕ್ಕೆ ಇಳಿಸಿದೆ, ಎರಡು ವಾರದ ಬಳಿಕ ದಿನ ಬಿಟ್ಟು ದಿನ, ನಡುವಿನ ಉರಿಗೆ ಜೆಲ್. ಆದರೆ ಬಾಯಿಯಿಂದ ಕ್ಯಾಮೆರಾ ನಳಿಕೆ ಇಳಿಸಿ ನೋಡುವ ಎಂಡೊಸ್ಕೋಪಿಯಲ್ಲಿ ತೀವ್ರ ಹುಣ್ಣು ಕಂಡವರು, ಅನ್ನನಾಳದ ಒಳಪದರವೇ ಬದಲಾಗಿರುವ ಬ್ಯಾರೆಟ್ಸ್ ಸ್ಥಿತಿಯವರು, ಆಸ್ಪಿರಿನ್‌ನಂತಹ ಮಾತ್ರೆಯಿಂದ ಜಠರ ಕಾಪಾಡಲು ಇದನ್ನು ನುಂಗುತ್ತಿರುವವರು ತಾವಾಗಿ ನಿಲ್ಲಿಸಬಾರದು.

ಎಂಟನೆಯ ಹೆಜ್ಜೆ: ಮಾತ್ರೆ ಸೋತರೆ ಪರೀಕ್ಷೆ

ಎಂಡೊಸ್ಕೋಪಿ ವರದಿಯಲ್ಲಿ "ಆಂಟ್ರಲ್ ಗ್ಯಾಸ್ಟ್ರೈಟಿಸ್", "ಲ್ಯಾಕ್ಸ್ ಎಲ್‌ಇಎಸ್" (ಜಠರದ ಕೆಳಭಾಗದ ಉರಿಯೂತ, ಸಡಿಲವಾದ ಬಳೆ) ಎಂದು ಬರೆದದ್ದನ್ನು ನೋಡಿ ಗಾಬರಿಯಾದವರು ನನ್ನಂತೆ ಬಹಳ. ಈ ಎರಡೂ ಪದಗಳು ನಿಮಗೆ ಆಮ್ಲದ ಹಿಮ್ಮೊಗ ಹರಿವು ಇದೆ ಎಂದು ಸಾಬೀತು ಮಾಡುವುದಿಲ್ಲ. ನೋಡಬೇಕಾದದ್ದು ಅನ್ನನಾಳದಲ್ಲಿ ಹುಣ್ಣಿದೆಯೇ, ಇದ್ದರೆ ಲಾಸ್ ಏಂಜಲೀಸ್ ವರ್ಗೀಕರಣದ ಎ, ಬಿ, ಸಿ, ಡಿಗಳಲ್ಲಿ (ಎ ಸೌಮ್ಯ, ಡಿ ತೀವ್ರ) ಯಾವ ದರ್ಜೆ ಎಂಬುದನ್ನು. ಹರಿವಿದ್ದರೂ ಬಹುಪಾಲು ಜನರ ಅನ್ನನಾಳ ಕ್ಯಾಮೆರಾದ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ.

ಆಗ ಉಳಿಯುವುದು ಆಮ್ಲದ ತೀಕ್ಷ್ಣತೆ ಅಳೆಯುವ 24 ಗಂಟೆಗಳ ಪಿಎಚ್ ಪರೀಕ್ಷೆ (ಪಿಎಚ್ ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು). ಮೂಗಿನಿಂದ ಶ್ಯಾವಿಗೆ ಎಳೆಗಿಂತ ತುಸು ದಪ್ಪದ ನಳಿಕೆಯನ್ನು ಇಳಿಸಿ, ಕೆನ್ನೆಗೆ ಅಂಟುಪಟ್ಟಿ ಹಚ್ಚಿ, ಸೊಂಟಕ್ಕೆ ಪೆಟ್ಟಿಗೆ ಕಟ್ಟಿ ಮನೆಗೆ ಕಳಿಸುತ್ತಾರೆ. ಇಳಿಸುವ ಎರಡು ನಿಮಿಷ ಕಣ್ಣಲ್ಲಿ ನೀರು, ಆಮೇಲೆ ಪ್ರತಿ ಗುಟುಕಿಗೂ ಗಂಟಲಿನಲ್ಲಿ ಏನೋ ಕದಲಿದ ಭಾವ. ಅವತ್ತು ಉಪವಾಸ ಮಾಡಬೇಡಿ, ಯಾವುದು ಉರಿ ತರುತ್ತದೋ ಅದನ್ನೇ ತಿನ್ನಿ. ಇಲ್ಲವಾದರೆ ಪರೀಕ್ಷೆಯ ಹಣ ದಂಡ. ಅನ್ನನಾಳದಲ್ಲಿ ಪಿಎಚ್ ನಾಲ್ಕಕ್ಕಿಂತ ಕೆಳಗಿರುವ ಹೊತ್ತು 6 ಪ್ರತಿಶತ ಮೀರಿದರೆ, ಅಂದರೆ ದಿನಕ್ಕೆ ಸುಮಾರು ಒಂದೂವರೆ ಗಂಟೆ ಆದರೆ, ಕಾಯಿಲೆ ಖಚಿತ. 4 ಪ್ರತಿಶತಕ್ಕಿಂತ ಕಡಿಮೆ ಇದ್ದರೆ ಉರಿಗೆ ಬೇರೆ ಕಾರಣ ಹುಡುಕಬೇಕು. ಆಮ್ಲ ಸಹಜವಾಗಿದ್ದೂ ನರಗಳು ಅತಿಯಾಗಿ ಸ್ಪಂದಿಸುವವರಿಗೆ ಮಾತ್ರೆಯ ಪ್ರಮಾಣ ದುಪ್ಪಟ್ಟು ಮಾಡಿದರೂ ಫಲವಿಲ್ಲ, ಶಸ್ತ್ರಚಿಕಿತ್ಸೆಯಂತೂ ಬೇಡವೇ ಬೇಡ.

ಒಂಬತ್ತನೆಯ ಹೆಜ್ಜೆ: ಶಸ್ತ್ರಚಿಕಿತ್ಸೆಯನ್ನು ತೂಗುವುದು

ಜಠರದ ಮೇಲ್ತುದಿಯನ್ನು ಅನ್ನನಾಳದ ಬುಡಕ್ಕೆ ಶಾಲಿನಂತೆ ಸುತ್ತಿ ಹೊಲಿಯುವ ಫಂಡೊಪ್ಲಿಕೇಶನ್ ವಿಧಾನವನ್ನು ರುಡಾಲ್ಫ್ ನಿಸೆನ್ 1950ರ ದಶಕದಲ್ಲಿ ರೂಪಿಸಿದರು. ಈಗ ಲ್ಯಾಪ್ರೊಸ್ಕೋಪಿಯಲ್ಲಿ ಸಣ್ಣ ರಂಧ್ರಗಳಿಂದ ಮಾಡುತ್ತಾರೆ. ಮಾತ್ರೆಗೆ ಆಗದ ಬಾಗಿಲು ಮುಚ್ಚುವ ಕೆಲಸವನ್ನು ಮಾಡುವುದು ಇದೇ. ಪೂರ್ತಿ ಸುತ್ತುವುದು, ಮುಕ್ಕಾಲು ಸುತ್ತುವುದು ಎಂದು ಎರಡು ಬಗೆ. ಪೂರ್ತಿ ಸುತ್ತಿದವರಲ್ಲಿ ನುಂಗಲು ಬಿಗಿಯಾಗುವುದು, ತೇಗಲು ಆಗದೆ ಹೊಟ್ಟೆ ಉಬ್ಬುವುದು ಹೆಚ್ಚು.

ಯುರೋಪಿನ ಲೋಟಸ್ ಪ್ರಯೋಗದಲ್ಲಿ ಐದು ವರ್ಷಗಳ ನಂತರ ಮಾತ್ರೆಯವರಲ್ಲಿ 92 ಪ್ರತಿಶತ, ಶಸ್ತ್ರಚಿಕಿತ್ಸೆಯವರಲ್ಲಿ 85 ಪ್ರತಿಶತ ಜನ ಹತೋಟಿಯಲ್ಲಿದ್ದರು. ಅವರೆಲ್ಲ ಮೊದಲೇ ಮಾತ್ರೆಗೆ ಚೆನ್ನಾಗಿ ಸ್ಪಂದಿಸಿದವರು ಎನ್ನುವುದನ್ನು ಮರೆಯಬಾರದು. ಸ್ವೀಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಆದ 2,655 ಮಂದಿಯ ದಾಖಲೆ ನೋಡಿದಾಗ 17.7 ಪ್ರತಿಶತ ಜನರಿಗೆ ತೊಂದರೆ ಮರುಕಳಿಸಿತ್ತು, ಹೆಚ್ಚಿನವರು ಮತ್ತೆ ಮಾತ್ರೆಗೆ ಮರಳಿದ್ದರು. "ಒಮ್ಮೆ ಮಾಡಿಸಿದರೆ ಜೀವಮಾನಕ್ಕೆ ಮಾತ್ರೆ ಬೇಡ" ಎನ್ನುವ ಜಾಹೀರಾತಿನ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಕೇಳಬೇಕಾದವು: ನನ್ನ ಪಿಎಚ್ ವರದಿ ಎಲ್ಲಿ? ನುಂಗುವಾಗಿನ ಒತ್ತಡ ಅಳೆಯುವ ಮ್ಯಾನೊಮೆಟ್ರಿ ಮಾಡಿದ್ದೀರಾ? (ಅನ್ನನಾಳದ ಕೆಳತುದಿ ತೆರೆಯದೇ ಇರುವ ಅಕಲೇಸಿಯಾ ಕಾಯಿಲೆಯೂ ಎದೆಯುರಿಯ ವೇಷದಲ್ಲಿ ಬರುತ್ತದೆ. ಅವರಿಗೆ ಸುತ್ತು ಹಾಕಿ ಬಿಗಿದರೆ ಅನರ್ಥ.) ಹರ್ನಿಯಾ ಎಷ್ಟು ದೊಡ್ಡದು? ನೀವು ವರ್ಷಕ್ಕೆ ಇಂತಹ ಎಷ್ಟು ಮಾಡುತ್ತೀರಿ? ಪೂರ್ತಿ ಸುತ್ತೋ ಮುಕ್ಕಾಲೋ, ಏಕೆ?

ನನ್ನ ಪರೀಕ್ಷೆಯಲ್ಲಿ ಆಮ್ಲ ಹೆಚ್ಚಿತ್ತು, ಸಣ್ಣ ಹರ್ನಿಯಾವೂ ಇತ್ತು. ಆದರೆ 20 ಮಿಲಿಗ್ರಾಂ ಮಾತ್ರೆ ಮತ್ತು ನಾಲ್ಕು ಇಟ್ಟಿಗೆಗಳಲ್ಲಿ ನನ್ನ ರಾತ್ರಿಗಳು ನೆಟ್ಟಗಾಗಿದ್ದವು, ಹಾಗಾಗಿ ಬೇಡವೆಂದೆ. ಕುಂದಗೋಳದ ಕಡೆ ಮೆಣಸಿನಕಾಯಿ ಹೊಲ ಮಾಡುವ ನನ್ನ ಸೋದರಮಾವನ ಮಗನ ಲೆಕ್ಕವೇ ಬೇರೆ. ಮಾತ್ರೆಯಿಂದ ಅವನ ಉರಿ ನಿಂತಿತ್ತು, ಆದರೆ ಕಳೆ ತೆಗೆಯಲು ಬಗ್ಗಿದರೆ ಉಂಡದ್ದು ಬಾಯಿಗೆ ಬರುವುದು ನಿಂತಿರಲಿಲ್ಲ. ಹರ್ನಿಯಾ ದೊಡ್ಡದಿತ್ತು. ಪರೀಕ್ಷೆಗಳೆಲ್ಲ ಆದ ಮೇಲೆ ಮುಕ್ಕಾಲು ಸುತ್ತು ಹಾಕಿಸಿಕೊಂಡ. ಮೊದಲ ಕೆಲವು ವಾರ ಗಂಜಿ, ಮೆತ್ತನೆಯ ಅನ್ನ. ಈಗ ದಿನವಿಡೀ ಬಗ್ಗಿ ಕೆಲಸ ಮಾಡುತ್ತಾನೆ, ಮಾತ್ರೆ ಇಲ್ಲ. ತೇಗು ಮಾತ್ರ ಸರಿಯಾಗಿ ಬರುವುದಿಲ್ಲ, ತುತ್ತನ್ನು ಸಣ್ಣದಾಗಿ ಮುರಿದು ನಿಧಾನವಾಗಿ ಅಗಿಯಬೇಕು. ಮದುವೆ ಮನೆಯಲ್ಲಿ ಪಂಕ್ತಿಯವರೆಲ್ಲ ಕೈ ತೊಳೆದು ಬಂದರೂ ಅವನ ಎಲೆಯ ಮೇಲೆ ಇನ್ನೂ ಅರ್ಧ ಹೋಳಿಗೆ ಇರುತ್ತದೆ.